ರೊಟ್ಟಿಯ ಹಿಟ್ಟು ಯಾರ ಹೊಲದ್ದು?

(ಭೀಮಾ ಸೀಮೆಯ ಮೂರು ತಾಲ್ಲೂಕುಗಳ ಆಹಾರ ಪದ್ಧತಿಯ ಬಗ್ಗೆ ಪದವಿ ವಿದ್ಯಾರ್ಥಿಗಳ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಬರಹ ರೂಪ)



ಊಟದ ವಿಷಯ ಮಾತನಾಡಲು ಕರೆದರೆ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ಹಿಂದಿನವರು ಎಷ್ಟು ಚೆನ್ನಾಗಿ ಉಣ್ಣುತ್ತಿದ್ದರು, ಎಷ್ಟು ಗಟ್ಟಿಯಾಗಿದ್ದರು ಎಂಬ ಹಳಹಳಿಕೆ. ಇನ್ನೊಂದು, ಯಾವ ಧಾನ್ಯದಲ್ಲಿ ಎಷ್ಟು ಕಬ್ಬಿಣ, ಎಷ್ಟು ನಾರು ಎಂಬ ಪಟ್ಟಿ. ಎರಡೂ ಇರಲಿ. ಆದರೆ ಇವತ್ತು ನಾನು ನಿಮ್ಮ ಮುಂದಿಡಲು ಬಂದಿರುವುದು ಮೂರನೆಯ ಪ್ರಶ್ನೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಂದು ಸಾಧಾರಣ ಮನೆಯಲ್ಲಿ ಏನು ಉಣ್ಣಬೇಕು ಎಂಬುದನ್ನು ತೀರ್ಮಾನಿಸುವವರು ಯಾರು? ಆ ಮನೆಯವರೇ? ಸಕ್ಕರೆ ಕಾರ್ಖಾನೆಯವರೇ? ಬೀಜದ ಅಂಗಡಿಯವರೇ? ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಕುಳಿತು ಪಡಿತರದ ಲೆಕ್ಕ ಹಾಕುವವರೇ?

ಈ ಪ್ರಶ್ನೆಗೆ ಜಗತ್ತಿನಲ್ಲಿ ಈಗ ಒಂದು ಹೆಸರು ಇದೆ: ಆಹಾರ ಸಾರ್ವಭೌಮತ್ವ. ಶಬ್ದ ಭಾರವಾದದ್ದು, ಅರ್ಥ ಸರಳವಾದದ್ದು. ಹೊಟ್ಟೆ ತುಂಬುವಷ್ಟು ಕಾಳು ಎಲ್ಲಿಂದಲಾದರೂ ಬಂದರೆ ಅದು ಆಹಾರ ಭದ್ರತೆ. ಯಾವ ಕಾಳು ಬಿತ್ತಬೇಕು, ಯಾವ ಬೀಜ ಇಡಬೇಕು, ಎಷ್ಟು ಮನೆಗೆ, ಎಷ್ಟು ಪೇಟೆಗೆ ಎಂಬ ತೀರ್ಮಾನ ಉಣ್ಣುವವರ ಮತ್ತು ಬೆಳೆಯುವವರ ಕೈಯಲ್ಲೇ ಉಳಿದರೆ ಅದು ಆಹಾರ ಸಾರ್ವಭೌಮತ್ವ. 1996ರಲ್ಲಿ ರೋಮ್ ನಗರದಲ್ಲಿ ವಿಶ್ವ ಆಹಾರ ಶೃಂಗಸಭೆ ನಡೆದಾಗ ‘ವಿಯಾ ಕಂಪೆಸಿನಾ’ ಎಂಬ ರೈತ ಸಂಘಟನೆಗಳ ಜಾಗತಿಕ ಒಕ್ಕೂಟ ಈ ಮಾತನ್ನು ಮುಂದಿಟ್ಟಿತು. 2007ರಲ್ಲಿ ಆಫ್ರಿಕದ ಮಾಲಿ ದೇಶದ ನ್ಯೆಲೆನಿಯಲ್ಲಿ ಸೇರಿದ ರೈತರು, ಮೀನುಗಾರರು, ಕುರಿಗಾರರು, ಮೂಲನಿವಾಸಿಗಳು ಅದಕ್ಕೆ ಒಂದು ಘೋಷಣೆಯ ರೂಪ ಕೊಟ್ಟರು. ಇದು ಪರದೇಶದ ಮಾತು ಎಂದು ದೂರ ಇಡಬೇಕಾಗಿಲ್ಲ. ಆ ಒಕ್ಕೂಟದಲ್ಲಿ ನಮ್ಮ ಕರ್ನಾಟಕ ರಾಜ್ಯ ರೈತ ಸಂಘವೂ ಇತ್ತು. 1990ರ ದಶಕದ ಆರಂಭದಲ್ಲಿ ಡಂಕೆಲ್ ಪ್ರಸ್ತಾವದ ವಿರುದ್ಧ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ನಡೆದ ಬೀಜ ಸತ್ಯಾಗ್ರಹದ ತಿರುಳೂ ಇದೇ ಆಗಿತ್ತು. ಬೀಜ ರೈತನ ಹಕ್ಕು, ಕಂಪನಿಯ ಸೊತ್ತಲ್ಲ ಎಂಬುದು ಆ ವಾದ.

ಎರೆ ಹೊಲದ ಲೆಕ್ಕ

ಈ ಮೂರು ತಾಲ್ಲೂಕುಗಳ ನೆಲದ ಗುಣವನ್ನು ಮೊದಲು ನೆನಪಿಸಿಕೊಳ್ಳೋಣ. ಅಫಜಲಪುರ, ಜೇವರ್ಗಿಗಳಿಗೆ ಭೀಮಾ ನದಿಯ ದಂಡೆ. ಆಳಂದಕ್ಕೆ ಭೀಮೆಯ ಉಪನದಿ ಅಮರ್ಜಾ. ಬಹುಪಾಲು ಎರೆ ಭೂಮಿ. ಮಳೆ ಬಿದ್ದಾಗ ಕಾಲಿಡಲು ಬಾರದ, ಬಿಸಿಲಿಗೆ ಬಿರುಕು ಬಿಡುವ ಈ ಕಪ್ಪು ಮಣ್ಣಿಗೆ ಒಂದು ದೊಡ್ಡ ಗುಣವಿದೆ. ಮುಂಗಾರಿನಲ್ಲಿ ಕುಡಿದ ನೀರನ್ನು ಅದು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆಮೇಲೆ ಹೆಚ್ಚು ಮಳೆ ಕೇಳುವುದಿಲ್ಲ. ಮಣ್ಣಿನೊಳಗಿನ ತೇವ, ಮೇಲಿನ ಇಬ್ಬನಿ, ಚಳಿ ಇಷ್ಟರಲ್ಲೇ ತೆನೆ ಕಟ್ಟಿ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಕಣಕ್ಕೆ ಬರುತ್ತದೆ. ಇಲ್ಲಿನ ಜನ ಜೋಳ ಉಣ್ಣುವುದು ಬರೀ ರುಚಿಯ ಸಂಗತಿ ಅಲ್ಲ. ಈ ಮಣ್ಣು, ಈ ಮಳೆ ನಂಬಿಕೆಯಿಂದ ಕೊಡಬಲ್ಲ ಅನ್ನವೇ ಅದು.

ಬಿಳಿಜೋಳದಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ಮಾಲದಂಡಿ. ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳ್‌ನಲ್ಲಿ, ಸ್ಥಳೀಯ ಮಾಲದಂಡಿ ಜೋಳದಿಂದಲೇ ಆಯ್ದು 1930ರ ದಶಕದಲ್ಲಿ ಹೊರತಂದ ‘ಎಂ 35-1’ ತಳಿ ಇಂದಿಗೂ ಹಿಂಗಾರಿ ಹೊಲಗಳಲ್ಲಿ ಇದೆ. ತಳಿಗಳು ಹತ್ತು ವರ್ಷಕ್ಕೆ ಹಳತಾಗುವ ಈ ಕಾಲದಲ್ಲಿ ಒಂದು ತಳಿ ಒಂಬತ್ತು ದಶಕ ಉಳಿಯಿತೆಂದರೆ ಅದು ರೈತನ ಹಟವಲ್ಲ, ತಿಳಿವಳಿಕೆ. ಕಾಳು ರೊಟ್ಟಿಗೆ ಬೇಕು, ಕಣಕಿ ದನಕ್ಕೆ ಬೇಕು. ಎರಡನ್ನೂ ಅದು ಕೊಡುತ್ತದೆ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ‘ಸಿಎಸ್‌ಎಚ್-1’ ಬಂದಿತು. ಗಿಡ್ಡ ಗಿಡ, ಹೆಚ್ಚು ಕಾಳು. ಆದರೆ ಕಣಕಿ ಕಡಿಮೆ. ಹಿಟ್ಟನ್ನು ತಟ್ಟಿದರೆ ರೊಟ್ಟಿಯ ಅಂಚು ಬಿರಿಯುತ್ತದೆ ಎಂಬುದು ಹೆಣ್ಣುಮಕ್ಕಳ ದೂರು. ಇಳುವರಿಯ ಲೆಕ್ಕ ಬರೆಯುವವರ ಕಾಗದದಲ್ಲಿ ಕಣಕಿಗೂ, ರೊಟ್ಟಿ ತಟ್ಟುವ ಕೈಗೂ ಅಂಕಣ ಇರಲಿಲ್ಲ.

ಜೋಳ ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ನಡುವೆ ಕಡಲೆ, ಅಗಸೆಯ ಅಕ್ಕಡಿ ಸಾಲು, ಬದುವಿನ ಗುಂಟ ದನ ಬಾಯಿ ಹಾಕದಂತೆ ಮುಳ್ಳಿನ ಕುಸುಬೆ. ಮುಂಗಾರಿಯಲ್ಲಿ ತೊಗರಿಯ ಜೊತೆ ಸಜ್ಜೆ, ಹೆಸರು, ಉದ್ದು, ಎಳ್ಳು, ಒಂದೆರಡು ಸಾಲು ಪುಂಡಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಕಾಳಿಗೆ ಜೋಳ, ಬೇಳೆಗೆ ತೊಗರಿ, ಎಣ್ಣೆಗೆ ಕುಸುಬೆ, ಹಿಂಡಿಗೆ ಅಗಸೆ, ಗುರೆಳ್ಳು, ಪಲ್ಯಕ್ಕೆ ಪುಂಡಿ. ಉಪ್ಪು, ಬೆಲ್ಲ ಬಿಟ್ಟರೆ ಸಂತೆಯಿಂದ ತರಬೇಕಾದದ್ದು ಕಡಿಮೆ. ಇವುಗಳ ಜೊತೆಗೆ ಯಾರೂ ಬಿತ್ತದ ಒಂದು ಬೆಳೆಯೂ ಇತ್ತು. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಉಡಿಯಲ್ಲಿ ತುಂಬಿ ತರುತ್ತಿದ್ದ ಹತ್ತರಕಿ, ಗೋಳಿ, ಕಿರಕಸಾಲಿ, ಎಳೆಯ ಕುಸುಬೆಯ ಕುಡಿ, ಕಡಲೆಯ ಕುಡಿ. ಕೂಲಿಯ ಮನೆಗೆ ಇದೇ ತರಕಾರಿ. ಕಳೆನಾಶಕ ಬಂದ ಹೊಲದಲ್ಲಿ ಮೊದಲು ಸತ್ತದ್ದು ಈ ಸೊಪ್ಪುಗಳು. ಅವುಗಳಿಗೆ ಬೆಲೆ ಕಟ್ಟಿದವರಿಲ್ಲ. ಆದ್ದರಿಂದ ನಷ್ಟವನ್ನು ಬರೆದಿಟ್ಟವರೂ ಇಲ್ಲ.

ಎಳ್ಳಮಾವಾಸ್ಯೆಯ ಬಜ್ಜಿ

ಈ ಮಿಶ್ರ ಹೊಲದ ಪೂರ್ತಿ ಪಟ್ಟಿಯನ್ನು ನೋಡಬೇಕಾದರೆ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಬೇಕು. ಡಿಸೆಂಬರ್–ಜನವರಿಯಲ್ಲಿ ಬರುವ ಆ ಅಮಾವಾಸ್ಯೆಗೆ ಜೋಳ ಹೊಡೆ ಬಿಚ್ಚುವ, ಕಡಲೆ ಕಾಯಿ ಕಟ್ಟುವ ಹಂತದಲ್ಲಿರುತ್ತದೆ. ಭೂತಾಯಿ ತುಂಬಿದ ಬಸುರಿ ಎಂಬ ಭಾವ. ಬಸುರಿಯ ಬಯಕೆ ತೀರಿಸಬೇಕಲ್ಲ! ಸಜ್ಜೆಯ ಕಡುಬು, ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಹಿಂಡಿ, ಅಂಬಲಿ ಮತ್ತು ಬಜ್ಜಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆಮೇಲೆ ನೆರೆಹೊರೆಯವರನ್ನು, ದಾರಿಹೋಕರನ್ನು ಕರೆದು ಉಣ್ಣಿಸುತ್ತಾರೆ.

ಇಲ್ಲಿ ಬಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ತಿಂಡಿ ಅಲ್ಲ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬದನೆ, ಗಜ್ಜರಿ, ಮೆಂತೆ, ಪಾಲಕ, ಉಳ್ಳಾಗಡ್ಡಿ ಸೊಪ್ಪು ಹೀಗೆ ಆ ಕಾಲಕ್ಕೆ ಹೊಲ, ತೋಟ ಕೊಡುವ ಎಲ್ಲವನ್ನೂ ಕೂಡಿಸಿ ಬೇಯಿಸಿದ ಪಲ್ಯ. ಪ್ರತಿ ಮನೆಯವರೂ ತಮ್ಮ ಬಜ್ಜಿಯಲ್ಲಿ ಎಷ್ಟು ಬಗೆ ಎಂದು ಹೇಳಿಕೊಳ್ಳುತ್ತಾರೆ. ಹಿಂದೆ ಆ ಬಗೆಗಳು ಹೊಲದಿಂದಲೇ ಬರುತ್ತಿದ್ದವು. ಈಗ ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಬಜ್ಜಿಗೆ ಬೇಕಾದ ಕಾಯಿಪಲ್ಯದ ವ್ಯಾಪಾರ ಜೋರು. ಹಬ್ಬ ಉಳಿದಿದೆ, ಸಂತೋಷ. ಆದರೆ ಚರಗ ಚೆಲ್ಲುವ ಹೊಲದಲ್ಲಿ ಕಬ್ಬೊಂದೇ ನಿಂತಿದ್ದರೆ ಬಜ್ಜಿಯ ಬಗೆಗಳು ಎಲ್ಲಿಂದ ಬಂದವು ಎಂದು ಒಮ್ಮೆ ಯೋಚಿಸಬೇಕು.

ಹಗೇವು ಮತ್ತು ಗಡಿಗೆ

ಬೆಳೆಯುವುದು ಅರ್ಧ ಕೆಲಸ, ಕಾಯ್ದಿಡುವುದು ಇನ್ನರ್ಧ. ಈ ಭಾಗದ ಹಳ್ಳಿಗಳಲ್ಲಿ ನೆಲದೊಳಗೆ ಹಗೇವು ಇರುತ್ತಿದ್ದವು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಜೋಳದ ಕಣಕಿ, ಹೊಟ್ಟು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಇದ್ದ ಆಮ್ಲಜನಕ ಮುಗಿದು ಇಂಗಾಲದ ಡೈ ಆಕ್ಸೈಡ್ ತುಂಬುತ್ತದೆ. ನುಸಿ, ಹುಳ ಬದುಕುವುದಿಲ್ಲ. ಹೀಗಾಗಿ ಔಷಧಿಯಿಲ್ಲದೆ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವು ತೆಗೆದ ಕೂಡಲೇ ಮನುಷ್ಯರು ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಗಾಳಿ ಕೆಟ್ಟಿದೆ ಎಂದು ತಿಳಿದು ಕಾಯುತ್ತಿದ್ದರು. ವಿಜ್ಞಾನದ ಪುಸ್ತಕ ಓದದವರ ವಿಜ್ಞಾನ ಅದು. ಒಂದು ಬರವನ್ನು ದಾಟಿಸಬಲ್ಲ ಶಕ್ತಿ ಊರಿನ ಕಾಲಡಿಯಲ್ಲೇ ಇತ್ತು.

ಬೀಜದ ಉಗ್ರಾಣ ಇನ್ನೂ ಚಿಕ್ಕದು, ಅದು ಹೆಣ್ಣುಮಕ್ಕಳ ಕೈಯಲ್ಲಿತ್ತು. ರಾಶಿಗೆ ಮೊದಲೇ ಒಳ್ಳೆಯ ತೆನೆ ಆರಿಸಿ ಕಟ್ಟಿಡುವುದು, ಕಾಳನ್ನು ಬೂದಿ, ಬೇವಿನ ಎಲೆಯೊಂದಿಗೆ ಗಡಿಗೆಯಲ್ಲಿಡುವುದು, ತೊಗರಿಗೆ ಕೆಮ್ಮಣ್ಣು ಲೇಪಿಸುವುದು, ಇವೆಲ್ಲ ಮನೆಯ ಹಿರಿಯ ಹೆಂಗಸಿನ ಜವಾಬ್ದಾರಿ. ಮುಂದಿನ ವರ್ಷ ಏನು ಬಿತ್ತಬೇಕು ಎಂಬ ಮಾತಿನಲ್ಲಿ ಅವಳ ಧ್ವನಿಗೆ ಬೆಲೆ ಇದ್ದದ್ದು ಆ ಗಡಿಗೆಯಿಂದ. ಬೀಜ ಪೊಟ್ಟಣಕ್ಕೆ ಬಂದ ಮೇಲೆ ಆ ಮಾತು ಗಂಡಸರು ಹೋಗುವ ಅಂಗಡಿಗೆ ದಾಟಿತು. ರೈತರು ಬೀಜ ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯ್ದೆ ಮಾನ್ಯ ಮಾಡಿದೆ. ಆದರೆ ಗಡಿಗೆಯೇ ಬರಿದಾದ ಮನೆಯಲ್ಲಿ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಹಕ್ಕಿಗಳ ಪಾಲು

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿ, ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು (1746–1822) ಹುಟ್ಟಿದ ಊರು. ಜೋಳದ ಹೊಲ ಕಾಯಲು ಹೋದ ಶರಣರು ಹಕ್ಕಿಗಳನ್ನು ಓಡಿಸದೆ, ತಿನ್ನಲು ಬಿಟ್ಟು ನೀರನ್ನೂ ಇಡುತ್ತಿದ್ದರು, ಆದರೂ ರಾಶಿ ಕಡಿಮೆಯಾಗಲಿಲ್ಲ ಎಂದು ಜನ ಇಂದಿಗೂ ಹೇಳುತ್ತಾರೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ, ಭೀಮಾ–ಅಮರ್ಜಾ ಸಂಗಮದ ಊರಿನಲ್ಲಿ, ದತ್ತ ಭಕ್ತರು ಮನೆಮನೆಗೆ ಹೋಗಿ ಮಧುಕರಿ ಬೇಡುತ್ತಾರೆ. ಸಿರಿವಂತನೂ ಜೋಳಿಗೆ ಒಡ್ಡಬೇಕು. ಅನ್ನ ಹಂಚಿಕೊಂಡು ತಿನ್ನುವಂಥದ್ದು ಎಂಬ ತಿಳಿವಳಿಕೆ ಈ ನೆಲದಲ್ಲಿ ಹೀಗೆ ಬೇರೆ ಬೇರೆ ದಾರಿಯಿಂದ ಬಂದಿದೆ. 2002ರಲ್ಲಿ ಸರ್ಕಾರ ಈಶಾನ್ಯ ಕರ್ನಾಟಕದ ಜಿಲ್ಲೆಗಳಿಂದಲೇ ಶಾಲಾ ಬಿಸಿಯೂಟ ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಶರಣರ ಹಕ್ಕಿಯ ಕಥೆಯಲ್ಲಿ ಭಕ್ತಿಯ ಜೊತೆಗೆ ಒಕ್ಕಲುತನದ ಒಂದು ಲೆಕ್ಕವೂ ಅಡಗಿದೆ. ಊರಿಗೆ ಊರೇ ಜೋಳ ಬಿತ್ತಿದರೆ ಹಕ್ಕಿಯ ಹಿಂಡು ಹಂಚಿಹೋಗುತ್ತದೆ. ಒಬ್ಬೊಬ್ಬರ ಹೊಲದಲ್ಲೂ ನಾಲ್ಕು ತೆನೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಸುತ್ತ ಕಬ್ಬು, ಹತ್ತಿ, ತೊಗರಿ ನಿಂತು ನಡುವೆ ಒಬ್ಬನೇ ಎರಡು ಎಕರೆ ಜೋಳ ಹಾಕಿದರೆ ಇಡೀ ಸೀಮೆಯ ಹಕ್ಕಿ ಅವನ ಹೊಲಕ್ಕೇ ಇಳಿಯುತ್ತದೆ. ಬೆಳಗಿನಿಂದ ಸಂಜೆವರೆಗೆ ಕವಣೆ ಹಿಡಿದು ಕಾಯಲು ಆಳು ಇಲ್ಲ. ಮರುವರ್ಷ ಅವನೂ ಬಿಡುತ್ತಾನೆ. ‘ಜೋಳ ಬೇಕೆಂದರೆ ರೈತರೇ ಬೆಳೆದುಕೊಳ್ಳಲಿ, ಯಾರು ಬೇಡ ಅಂದಾರು?’ ಎನ್ನುವವರಿಗೆ ಇದೇ ಉತ್ತರ. ಊಟದ ತೀರ್ಮಾನ ಒಬ್ಬನ ಮನೆಯ ತೀರ್ಮಾನವಾಗಿ ನಿಲ್ಲುವುದಿಲ್ಲ. ಊರಿನ ತೀರ್ಮಾನವಾದರೆ ಮಾತ್ರ ನಿಲ್ಲುತ್ತದೆ.

ಹಿಂದಿನದೆಲ್ಲ ಬಂಗಾರವಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಹಗೇವು ಇದ್ದದ್ದು ಹೊಲವಿದ್ದವರಿಗೆ. ಹೊಲವಿಲ್ಲದ ದಲಿತ ಕೇರಿಯ ಪಾಲಿಗೆ ಕಣದ ಅಂಚಿನಲ್ಲಿ ಅಳೆದು ಹಾಕಿದಷ್ಟೇ ಕಾಳು. ಅದನ್ನು ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದ ‘ಲೆವಿ’ ವಸೂಲಿ ರೈತನ ಕಣದಿಂದಲೇ ಧಾನ್ಯ ಎತ್ತಿಕೊಂಡು ಹೋಯಿತು. 1970ರ ದಶಕದ ಆರಂಭದ ಭೀಕರ ಬರದಲ್ಲಿ ಈ ಸೀಮೆಯ ಜನ ಗುಳೆ ಹೋದರು. ಇನ್ನು ರೊಟ್ಟಿಯ ವಿಷಯ. ನಸುಕಿನಲ್ಲಿ ಎದ್ದು ಬೀಸಿ, ಹೊಗೆಯಲ್ಲಿ ಕುಳಿತು ಹತ್ತಾರು ರೊಟ್ಟಿ ಬಡಿದು, ಮತ್ತೆ ಹೊಲದ ಕೆಲಸಕ್ಕೆ ಹೋಗುತ್ತಿದ್ದವಳು ಹೆಣ್ಣು. ಅನ್ನಕ್ಕೆ ಒಂದು ಕುಕ್ಕರ್ ಸಾಕು. ಅಕ್ಕಿ ಬಂದಾಗ ಮೊದಲು ಉಸಿರು ಬಿಟ್ಟವಳು ಅವಳೇ ಎಂದರೆ ತಪ್ಪಿಲ್ಲ. ‘ಹಳೆಯ ಊಟಕ್ಕೆ ಮರಳೋಣ’ ಎಂದು ವೇದಿಕೆಯಿಂದ ಹೇಳುವವರು ರೊಟ್ಟಿ ಬಡಿಯುವವರು ಯಾರು ಎಂಬುದನ್ನೂ ಹೇಳಬೇಕು.

ಪಡಿತರದ ಅಕ್ಕಿಯನ್ನೂ ಹಗುರವಾಗಿ ಕಾಣಬಾರದು. 2013ರ ಜುಲೈನಲ್ಲಿ ಬಂದ ಅನ್ನಭಾಗ್ಯ, ಅದೇ ವರ್ಷ ಸಂಸತ್ತು ಒಪ್ಪಿದ ಆಹಾರ ಭದ್ರತಾ ಕಾಯ್ದೆ ಇವೆರಡರಿಂದ ಕೂಲಿಯ ಮನೆ ಸಾಹುಕಾರನ ಅಂಗಳದಲ್ಲಿ ಕಾಳಿಗೆ ನಿಲ್ಲುವುದು ತಪ್ಪಿತು. ಅದು ದೊಡ್ಡ ಮಾತು. ನನ್ನ ತಕರಾರು ಅಕ್ಕಿಯ ಮೇಲಲ್ಲ. ಜೋಳದ ಸೀಮೆಗೆ ಅಕ್ಕಿಯನ್ನೇ ತುಂಬಿ ಕಳಿಸಿದ ರೀತಿಯ ಮೇಲೆ.

ಮೂರು ದಾರಿಯ ಒತ್ತಡ

ಜೋಳ ಹಿಂದೆ ಸರಿದದ್ದು ಒಂದೇ ಕಾರಣಕ್ಕಲ್ಲ. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಬ್ಯಾರೇಜ್ ಆಯಿತು; ಆಳಂದದ ಕೋರಹಳ್ಳಿಯಲ್ಲಿ ಅಮರ್ಜಾ ಅಣೆಕಟ್ಟು ಆಯಿತು. ಅಫಜಲಪುರದ ಹಾವಳಗಾ, ಆಳಂದದ ಭೂಸನೂರು ಸಕ್ಕರೆ ಕಾರ್ಖಾನೆಯ ಊರುಗಳಾದವು. ನೀರು ಸಿಕ್ಕ ಕಡೆ ಕಬ್ಬು ಬಂತು. ಜೇವರ್ಗಿಯ ಕಡೆ ಕೃಷ್ಣಾ ಯೋಜನೆಯ ಶಾಖಾ ಕಾಲುವೆ ಬಂತು, ಹತ್ತಿ ಹೆಚ್ಚಿತು. ನೀರು ಬಂದದ್ದನ್ನು ಕೆಡುಕು ಎನ್ನಲಾಗದು. ರೈತನ ಕೈಗೆ ನಗದು ಬಂದಿದೆ.

ಎರಡನೆಯದು ತೊಗರಿ. ಕಲಬುರಗಿ ತೊಗರಿಯ ಕಣಜ. 2019ರಲ್ಲಿ ‘ಗುಲ್ಬರ್ಗ ತೊಗರಿ ಬೇಳೆ’ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಆದರೆ ಜೂನ್‌ನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿವರೆಗೆ ಹೊಲದಲ್ಲೇ ಇರುತ್ತದೆ. ಆ ಹೊಲ ಹಿಂಗಾರಿ ಜೋಳಕ್ಕೆ ಬಿಡುವಾಗುವುದೇ ಇಲ್ಲ. ಅಕ್ಕಡಿ ಸಾಲು ಬಿಟ್ಟು ವರ್ಷ ವರ್ಷ ತೊಗರಿಯೊಂದನ್ನೇ ಹಾಕಿದಾಗ ಮಣ್ಣಿನಲ್ಲಿ ನೆಟೆ ರೋಗದ ಶಿಲೀಂಧ್ರ ಬಲಿಯುತ್ತದೆ. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ಸಿಕ್ಕಿ ಒಣಗಿದ್ದನ್ನು ನೀವೆಲ್ಲ ನೋಡಿದ್ದೀರಿ. ಜೋಳದೊಂದಿಗೆ ಬೆಳೆ ಬದಲಿಸುವುದು ಈ ರೋಗ ತಗ್ಗಿಸುವ ಹಳೆಯ ಉಪಾಯ. ಬೆಲೆಯ ಮಾತೂ ಅಷ್ಟೆ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಹತ್ತಿರ ಹೋದಾಗ ಎಲ್ಲರೂ ತೊಗರಿ ಬಿತ್ತಿದರು. ಮರುವರ್ಷ ದರ ನೆಲಕಚ್ಚಿತು. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡಿತು. 2021ರ ಮೇ ತಿಂಗಳಲ್ಲಿ ತೊಗರಿಯ ಆಮದಿಗೆ ತೆರೆದ ಬಾಗಿಲಿನ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಆಳಂದದ ಕಣದಲ್ಲಿನ ರಾಶಿಯ ಬೆಲೆ ಹೀಗೆ ಆಫ್ರಿಕದ ಬಂದರಿನಲ್ಲಿ ಕೂಡ ತೀರ್ಮಾನವಾಗುತ್ತದೆ.

ಮೂರನೆಯದು ಆಳಿನ ಕೊರತೆ. ಜೋಳ ಕೀಳುವುದು, ತೆನೆ ಮುರಿಯುವುದು ಇಂದಿಗೂ ಬಹುಮಟ್ಟಿಗೆ ಕೈಕೆಲಸ. ಆ ಕೈಗಳು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡಗಳಲ್ಲಿವೆ. ಅವರ ತಟ್ಟೆಗೆ ಜೋಳ ಪೇಟೆಯಿಂದ ಬರಬೇಕು. ಪುಕ್ಕಟೆ ಅಕ್ಕಿಗಿಂತ ಅದು ದುಬಾರಿ. ಪಡಿತರದ ಅಕ್ಕಿಯನ್ನು ಅಗ್ಗಕ್ಕೆ ಮಾರಿ ಜೋಳ ಕೊಳ್ಳುವ ಮನೆಗಳು ಇರುವುದು ಗುಟ್ಟೇನಲ್ಲ. ಕಾನೂನಿನ ಕಣ್ಣಿಗೆ ಅದು ಅಪರಾಧ. ಜನ ತಮಗೆ ಬೇಕಾದದ್ದನ್ನು ಹೇಳುವ ಬಗೆಯೂ ಹೌದು.

ತಟ್ಟೆಯಿಂದ ಮೈಗೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪಟ್ಟಿಯಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೊಟೀನ್, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೊಟೀನ್ 8 ಗ್ರಾಂ, ನಾರು 3 ಗ್ರಾಂಗಿಂತ ಕಡಿಮೆ, ಕಬ್ಬಿಣ 0.65 ಮಿಲಿಗ್ರಾಂ. ಸಜ್ಜೆಯಲ್ಲಿ ಕಬ್ಬಿಣ 6 ಮಿಲಿಗ್ರಾಂಗೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ಇದಕ್ಕೆಲ್ಲ ಅಕ್ಕಿಯೇ ಕಾರಣ ಎನ್ನುವುದು ತಪ್ಪಾಗುತ್ತದೆ. ಬಡತನ, ಬೇಗನೆ ಮದುವೆ, ಮೇಲಿಂದ ಮೇಲೆ ಹೆರಿಗೆ, ಸೋಂಕು ಎಲ್ಲ ಸೇರಿವೆ. ಆದರೆ ರೊಟ್ಟಿ, ಪುಂಡಿಪಲ್ಯ, ಬೇಳೆ, ಹಿಂಡಿ ಕೂಡಿದ ತಟ್ಟೆಯ ಜಾಗದಲ್ಲಿ ಅನ್ನ, ತಿಳಿಸಾರು ಬಂದರೆ ಮೈಗೆ ಏನು ತಪ್ಪಿತೆಂದು ತಿಳಿಯಲು ವೈದ್ಯರೇ ಬೇಕಿಲ್ಲ.

ಇಂಥ ಬದಲಾವಣೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಅರಿಜೋನಾದ ಒಂದು ಉದಾಹರಣೆ ಇದೆ. ಅಲ್ಲಿ ಹೀಲಾ ನದಿಯ ದಂಡೆಯ ಮೂಲನಿವಾಸಿಗಳು ತಮ್ಮನ್ನು ‘ನದಿಯ ಜನ’ ಎಂದೇ ಕರೆದುಕೊಳ್ಳುತ್ತಾರೆ. ಹೊರಗಿನವರು ಕೊಟ್ಟ ಹೆಸರು ಪೀಮಾ. ಬರ ತಡೆಯುವ ಟೆಪರಿ ಎಂಬ ಅವರೆಜಾತಿಯ ಕಾಳು, ಮೆಕ್ಕೆಜೋಳ, ಕುಂಬಳ ಬೆಳೆಯುತ್ತಿದ್ದವರು ಅವರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಮೇಲಿನ ದಂಡೆಗೆ ಬಂದ ವಲಸಿಗರು ನದಿಯ ನೀರನ್ನು ತಿರುಗಿಸಿಕೊಂಡರು. ಹೊಲ ಒಣಗಿತು. ಮುಂದೆ ಸರ್ಕಾರ ಕೊಟ್ಟ ಮೈದಾ, ಕೊಬ್ಬು, ಸಕ್ಕರೆಯೇ ಊಟವಾಯಿತು. 20ನೇ ಶತಮಾನದ ಉತ್ತರಾರ್ಧದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸಕ್ಕರೆ ಕಾಯಿಲೆ ಕಂಡುಬಂದ ಸಮುದಾಯಗಳಲ್ಲಿ ಅವರು ಒಬ್ಬರಾದರು. 2004ರಲ್ಲಿ ಒಂದು ಕಾನೂನು ಅವರ ನೀರಿನ ಹಕ್ಕನ್ನು ಮರಳಿಸಿತು. ಟೆಪರಿ ಕಾಳು ಮತ್ತೆ ಅವರ ಹೊಲಕ್ಕೆ ಬಂದಿದೆ. ನಮ್ಮಲ್ಲಿ ಸ್ಥಿತಿ ಅಲ್ಲಿಗೆ ಮುಟ್ಟಿಲ್ಲ. ಮುಟ್ಟುವ ಮೊದಲೇ ಯೋಚಿಸುವ ಅವಕಾಶ ನಮಗಿದೆ.

ಪಕ್ಕದಲ್ಲೇ ಒಂದು ಪಾಠ

ದಾರಿ ಕಾಣಲು ದೂರ ಹೋಗಬೇಕಾಗಿಲ್ಲ. ಬೀದರ್ ದಾಟಿದರೆ ತೆಲಂಗಾಣದ ಜಹೀರಾಬಾದ್. 1956ರವರೆಗೆ ಅದೂ ನಾವೂ ಒಂದೇ ರಾಜ್ಯದಲ್ಲಿದ್ದೆವು. ಅಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ಸೇರಿ ಬಹುಪಾಲು ದಲಿತ ಹೆಣ್ಣುಮಕ್ಕಳೇ ಇರುವ ಸಂಘಗಳು 1990ರ ದಶಕದಲ್ಲಿ ಒಂದು ಪರ್ಯಾಯ ಪಡಿತರವನ್ನೇ ಕಟ್ಟಿದವು. ಬೀಳು ಬಿದ್ದ ಹೊಲಕ್ಕೆ ಮುಂಗಡ ಸಾಲ ಕೊಡುವುದು. ಸಾಲವನ್ನು ಹಣದಲ್ಲಿ ಅಲ್ಲ, ಜೋಳದಲ್ಲಿ ತೀರಿಸಿಕೊಳ್ಳುವುದು. ಆ ಜೋಳವನ್ನು ಊರಲ್ಲೇ ಸಂಗ್ರಹಿಸುವುದು. ಊರಿನಲ್ಲಿ ಕಡುಬಡವರು ಯಾರೆಂದು ಊರವರೇ ಕುಳಿತು ಗುರುತಿಸಿ ಅವರಿಗೆ ಅಗ್ಗದ ದರದಲ್ಲಿ ಕೊಡುವುದು. ಹೊಲ, ಹಗೇವು, ಬೀಜದ ಗಡಿಗೆ, ಹಂಚುವ ಕೈ ನಾಲ್ಕೂ ಒಂದೇ ಊರಲ್ಲಿ ಕೂಡಿದವು. ಈ ಸಲ ಹಂಚುವ ಕೈ ದಲಿತ ಹೆಣ್ಣುಮಗಳದು. ಈ ಕೆಲಸಕ್ಕೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ನಮ್ಮ ಜಿಲ್ಲೆಯಲ್ಲೂ ಒಂದು ಬೆಳವಣಿಗೆ ಆಗಿದೆ. ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಪೇಟೆಗೆ ಬಂದಿದೆ. 2025ರ ಜೂನ್‌ನಲ್ಲಿ ಪ್ರಧಾನಿಯವರು ಆಕಾಶವಾಣಿಯ ‘ಮನ್ ಕಿ ಬಾತ್’ನಲ್ಲಿ ಅದನ್ನು ಹೆಸರಿಸಿದರು. ಸಂಬಳವಿಲ್ಲದ ಕೆಲಸವಾಗಿದ್ದ ರೊಟ್ಟಿ ಬಡಿಯುವುದಕ್ಕೆ ಕೂಲಿ ಸಿಗುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ಬೆಂಗಳೂರಿನ ಮಳಿಗೆಗೆ ಹೋಗುವ ಈ ರೊಟ್ಟಿ ಜೇವರ್ಗಿಯ ಹಾಸ್ಟೆಲಿನ ಹುಡುಗನ ತಟ್ಟೆಗೂ ಬೀಳಬೇಕು. ಹಿಟ್ಟು ಅಫಜಲಪುರದ ಹೊಲದ್ದೇ ಆಗಬೇಕು. ಆಗ ಮಾತ್ರ ವ್ಯಾಪಾರ ಸಾರ್ವಭೌಮತ್ವ ಆದೀತು.

ಕೇಳಬೇಕಾದದ್ದು

2023ರಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ವಿಶ್ವಸಂಸ್ಥೆ ಅದನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತ್ತು. ಅದೇ ವರ್ಷ ರಾಜ್ಯ ಸರ್ಕಾರ ಹೆಚ್ಚುವರಿ ಐದು ಕಿಲೋ ಅಕ್ಕಿಗಾಗಿ ಬೇರೆ ರಾಜ್ಯಗಳ ಬಾಗಿಲು ಬಡಿಯಿತು. ಕೇಂದ್ರದ ಉಗ್ರಾಣದಿಂದ ಅಕ್ಕಿ ಸಿಗದೆ ಜುಲೈನಿಂದ ಒಬ್ಬರಿಗೆ 170 ರೂಪಾಯಿಯಂತೆ ಹಣ ಹಾಕಿತು. 2025ರ ಫೆಬ್ರುವರಿಯಲ್ಲಿ ಹಣದ ಬದಲು ಅಕ್ಕಿಗೆ ಮರಳಿತು. ಅದೇ ಅಕ್ಟೋಬರ್‌ನಲ್ಲಿ ಆ ಐದು ಕಿಲೋ ಬದಲು ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಸಂಪುಟ ಒಪ್ಪಿತು. ಪಡಿತರದ ತಟ್ಟೆ ಕಲ್ಲಿನಲ್ಲಿ ಕೊರೆದದ್ದಲ್ಲ, ಬದಲಾಯಿಸಬಹುದು ಎಂಬುದನ್ನು ಈ ಎರಡು ವರ್ಷ ತೋರಿಸಿಕೊಟ್ಟಿವೆ. ಆಹಾರ ಭದ್ರತಾ ಕಾಯ್ದೆಯಲ್ಲೂ ಅಕ್ಕಿ, ಗೋಧಿಯ ಜೊತೆ ಒರಟು ಧಾನ್ಯಕ್ಕೆ ಜಾಗ ಇದೆ. ಉತ್ತರ ಕರ್ನಾಟಕದ ಪಡಿತರದಲ್ಲಿ ಜೋಳ ಆಗಾಗ ಬಂದದ್ದೂ ಉಂಟು. ಬೇಕಾದದ್ದು ನಿಶ್ಚಿತತೆ.

ಆದ್ದರಿಂದ ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳೋಣ. ಒಂದು, ಈ ತಾಲ್ಲೂಕುಗಳ ಪಡಿತರದಲ್ಲಿ ಎಷ್ಟು ಜೋಳ, ಎಷ್ಟು ಅಕ್ಕಿ ಎಂದು ಕಾರ್ಡುದಾರರೇ ಆರಿಸುವ ಅವಕಾಶ ಇರಲಿ. ಎರಡು, ಆ ಜೋಳವನ್ನು, ಕಿಟ್‌ನ ಬೇಳೆಯನ್ನು ಇದೇ ಜಿಲ್ಲೆಯ ಕಣದಿಂದ, ರಾಶಿಯ ಕಾಲಕ್ಕೇ ಕೊಳ್ಳಲಿ. 2025–26ರ ಬೆಂಬಲ ಬೆಲೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,699 ರೂಪಾಯಿ, ಮಾಲದಂಡಿಗೆ 3,749. ಐವತ್ತು ರೂಪಾಯಿಯ ಈ ವ್ಯತ್ಯಾಸ ಮಾಲದಂಡಿ ಬೆಳೆಯುವವನ ಕಷ್ಟಕ್ಕೆ ಸಾಟಿಯಲ್ಲ. ಬಿತ್ತನೆಗೆ ಮೊದಲೇ ಖರೀದಿಯ ಮಾತು ಕೊಟ್ಟರೆ ಊರು ಒಟ್ಟಾಗಿ ಬಿತ್ತುತ್ತದೆ, ಹಕ್ಕಿಯೂ ಹಂಚಿಹೋಗುತ್ತದೆ. ಮೂರು, ವಾರದಲ್ಲಿ ಎರಡು ದಿನವಾದರೂ ಶಾಲೆ, ಅಂಗನವಾಡಿ, ಹಾಸ್ಟೆಲಿನಲ್ಲಿ ರೊಟ್ಟಿ, ಕಾಳುಪಲ್ಯ ಕೊಡಲಿ. ರೊಟ್ಟಿಯ ಕೆಲಸ ಸಂಘದ ಹೆಣ್ಣುಮಕ್ಕಳಿಗೆ, ತಕ್ಕ ಕೂಲಿಗೆ ಸಿಗಲಿ. ಮಕ್ಕಳ ತಟ್ಟೆಯಲ್ಲಿ ಇನ್ನೇನಿರಬೇಕು ಎಂಬುದನ್ನು ಆ ಮಕ್ಕಳ ತಾಯಂದಿರು ಹೇಳಲಿ. 2021ರ ಡಿಸೆಂಬರ್‌ನಲ್ಲಿ ಈ ಭಾಗದ ಶಾಲೆಗಳಿಗೆ ಮೊಟ್ಟೆ ಬಂದಾಗ ಬೇಡವೆಂದವರ ಮನೆಯಲ್ಲಿ ಹಸಿವು ಇರಲಿಲ್ಲ ಎಂಬುದನ್ನು ಮರೆಯಬಾರದು. ನಾಲ್ಕು, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಊರ ತಳಿಗಳ ಬೀಜ ಕಾಯುವ ಒಂದು ಉಗ್ರಾಣ ಇರಲಿ. ಅದರ ಕೀಲಿ ಹೆಣ್ಣುಮಕ್ಕಳ ಕೈಯಲ್ಲಿರಲಿ.

2020ರ ಅಕ್ಟೋಬರ್, 2025ರ ಸೆಪ್ಟೆಂಬರ್ ಎರಡು ಸಲವೂ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹೊಲಗಳನ್ನು ನುಂಗಿದ್ದಾಳೆ. ಇಂಥ ವರ್ಷಗಳು ಇನ್ನೂ ಬರುತ್ತವೆ. ಆಗ ನೀರು ಇಳಿದ ಎರೆ ಹೊಲಕ್ಕೆ ತಡವಾಗಿಯಾದರೂ ಬಿತ್ತಬಹುದಾದ ಬೆಳೆ ಹಿಂಗಾರಿ ಜೋಳ, ಕಡಲೆ. ಅದನ್ನು ಬಿತ್ತಲು ಬೀಜ ಊರಲ್ಲೇ ಇರಬೇಕು, ಬಿತ್ತುವ ತಿಳಿವಳಿಕೆ ನಿಮ್ಮಲ್ಲಿ ಯಾರಿಗಾದರೂ ಇರಬೇಕು. ಈ ಸಲದ ರಜೆಗೆ ಊರಿಗೆ ಹೋದಾಗ ನಿಮ್ಮ ಆಯಿಯನ್ನು ಕೇಳಿ, ಎಷ್ಟು ಬಗೆಯ ಜೋಳ ನೋಡಿದ್ದಿ, ಎಷ್ಟು ಬಗೆಯ ಸೊಪ್ಪು ಗೊತ್ತು ಎಂದು. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಗ್ರಾಮಸಭೆಗೆ ಹೋಗುವಾಗ ಆ ಪಟ್ಟಿ ಕೈಯಲ್ಲಿರಲಿ.